ಎಲ್ಲರಿಗೂ ಕೂಡಲೇ ಕಳಿಸಿ

ಮೆಕಾಫಿ ಕಂಪನಿಯವರು ಜಗತ್ತಿನ ಅತಿ ಭಯಂಕರ ವೈರಸ್ಸನ್ನು ಪತ್ತೆ ಹಚ್ಚಿದ್ದು ‘ನಿನ್ನೆ’. 2006ರ ಫೆಬ್ರುವರಿಯಲ್ಲಿ ಟುರಿನ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯುತ್ತಿದ್ದಾಗ ಅದು ನಿನ್ನೆಯಾಗಿತ್ತು. ಕ್ರೀಡಾಕೂಟ ಮುಗಿದು, ಜ್ಯೋತಿ ಆರಿ, ವರ್ಷಗಳು ಕಳೆದ ಮೇಲೂ ನಿನ್ನೆಯಾಗಿಯೇ ಉಳಿದಿತ್ತು. ‘ಇನ್ವಿಟೇಶನ್’ ಎಂಬ ಮೇಲ್ ಬರುತ್ತದೆ, ತೆರೆದಿರೋ, ಒಲಿಂಪಿಕ್ ಜ್ಯೋತಿಯೊಂದು ಹೊತ್ತಿಕೊಂಡು ನಿಮ್ಮ ಸಿ ಡ್ರೈವನ್ನು ಸುಟ್ಟುಬಿಡುತ್ತದೆ, ಸಿಎನ್‌ಎನ್‌ನಲ್ಲಿ ಬಂದಿದೆ, ಇದಕ್ಕಿಂತ ಘೋರವಾದದ್ದು ಇನ್ನೊಂದಿಲ್ಲವೆಂದು ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ, ಪರಿಚಯದವರಿಗೆಲ್ಲ ಕೂಡಲೇ ಕಳಿಸಿ. ಅಂಥ ಮೇಲೂ ಇರಲಿಲ್ಲ, ಅಂಥ ವೈರಸ್ಸೂ ಇರಲಿಲ್ಲ. ಇದ್ದದ್ದು ಎಚ್ಚರಿಕೆ ಒಂದೇ.

ಈ ವಂಶದ ಹೆಸರಾಂತ ಹಿರಿಯ ಹುಟ್ಟಿದ್ದು ಅಮೆರಿಕದಲ್ಲಿ, 1994ರ ಕೊನೆಗೆ. ಹೆಸರು ‘ಗುಡ್ ಟೈಮ್ಸ್’. ಆ ಹೆಸರಿನ ಮೇಲನ್ನು ಓದಿದರೆ ಸಾಕು, ಹಾರ್ಡ್ ಡಿಸ್ಕ್ ಅಳಿಸಿಹೋಗಿ ಪ್ರೊಸೆಸರ್ ‘ಎನ್ತ್ ಕಾಂಪ್ಲೆಕ್ಸಿಟಿ ಇನ್ಫಿನಿಟ್ ಬೈನರಿ ಲೂಪ್’ನಲ್ಲಿ ಸಿಕ್ಕಿಬೀಳುತ್ತದೆ ಎಂದಿತ್ತು. ಹಾಗಂದರೇನೆಂದು ಕಂಪ್ಯೂಟರ್ ಓದಿದವರನ್ನು ಕೇಳಿ ಪ್ರಯೋಜನವಿಲ್ಲ, ಅವರಿಗೂ ಗೊತ್ತಿಲ್ಲ. ಪುರೋಹಿತರು ಬೇಗಬೇಗ ಹೇಳಿ ಮುಗಿಸುವ ಮಂತ್ರದ ಹಾಗೆ, ಅರ್ಥವಾಗದಿದ್ದಷ್ಟೂ ಭಯಭಕ್ತಿ ಜಾಸ್ತಿ. ಮೇಲೊಂದು ಸರ್ಕಾರಿ ಮುದ್ರೆಯೂ ಬೇಕಲ್ಲ? ಎಚ್ಚರಿಕೆ ಕೊಟ್ಟವರು ಎಫ್‌ಸಿಸಿಯವರು ಎಂದು ಸೇರಿಸಿದರು. ರೇಡಿಯೊ, ಟೆಲಿಫೋನುಗಳ ಉಸ್ತುವಾರಿ ನೋಡಿಕೊಳ್ಳುವ ಆ ಕಚೇರಿಗೂ ವೈರಸ್ಸಿಗೂ ಸಂಬಂಧವೇ ಇಲ್ಲ.

ಆಗಿನ ಮೇಲ್ ಎಂದರೆ ಬರೀ ಅಕ್ಷರ. ಓದಿದ ಮಾತ್ರಕ್ಕೆ ಯಾವ ಪ್ರೋಗ್ರಾಮೂ ಓಡುವಂತಿರಲಿಲ್ಲ. ತಮಾಷೆ ನೋಡಿ, ಐದು ವರ್ಷ ಕಳೆದು 1999ರ ನವೆಂಬರಿನಲ್ಲಿ ‘ಬಬಲ್‌ಬಾಯ್’ ಎಂಬುದು ಬಂದಾಗ, ಔಟ್‌ಲುಕ್‌ನಲ್ಲಿ ಮೇಲ್ ತೆರೆದರೇ ಸೋಂಕು ತಗಲುವ ಕಾಲವೂ ಬಂತು. ಮರುವರ್ಷ ಮೇ 4ರಂದು ‘ಐ ಲವ್ ಯೂ’ ಎನ್ನುತ್ತ ಫಿಲಿಪ್ಪೀನ್ಸ್‌ನಿಂದ ಹೊರಟದ್ದು ಅಪ್ಪಟ ವೈರಸ್ಸು. ಅಟ್ಯಾಚ್‌ಮೆಂಟ್ ತೆರೆದವರ ಅಡ್ರೆಸ್ ಬುಕ್ ತೆಗೆದು, ಅಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ಕಳಿಸಿಕೊಂಡಿತು. ‘ಎಲ್ಲರಿಗೂ ಕಳಿಸಿ’ ಎಂದು ಯಾರ ಕಾಲಿಗೂ ಬೀಳಲಿಲ್ಲ. ಸುಳ್ಳು ವೈರಸ್ಸಿಗೆ ಅಷ್ಟು ಯೋಗ್ಯತೆ ಇಲ್ಲ. ಅದಕ್ಕೇ ನಮ್ಮನ್ನು ಸಂಬಳವಿಲ್ಲದ ಗುಮಾಸ್ತರನ್ನಾಗಿ ಮಾಡಿಕೊಳ್ಳುತ್ತದೆ.

ಈ ಸುಳ್ಳುಗಳಲ್ಲಿ ನನಗೆ ಅಚ್ಚುಮೆಚ್ಚಿನದು 2002ರ ಕರಡಿಯ ಪ್ರಸಂಗ. ಆ ಮೇಲ್‌ನಲ್ಲಿ ಅಬ್ಬರವೇ ಇರಲಿಲ್ಲ. ನನ್ನಿಂದ ನಿಮಗೂ ವೈರಸ್ ಬಂದಿರಬಹುದು, ಬೇಜಾರು ಮಾಡಿಕೊಳ್ಳಬೇಡಿ ಎಂಬಂಥ ವಿನಯ. ಹದಿನಾಲ್ಕು ದಿನ ಸುಮ್ಮನೆ ಮಲಗಿದ್ದು ಆಮೇಲೆ ಏಳುತ್ತದಂತೆ. ವೈರಸ್ ಹಿಡಿಯುವ ನಾರ್ಟನ್‌ಗೂ ಮೆಕಾಫಿಗೂ ಕಾಣುವುದಿಲ್ಲವಂತೆ. ಹುಡುಕುವ ಕ್ರಮವನ್ನೂ ಅಡುಗೆ ಪುಸ್ತಕದಷ್ಟು ವಿವರವಾಗಿ ಕೊಟ್ಟಿದ್ದರು. ಸ್ಟಾರ್ಟ್ ಒತ್ತಿ, ಫೈಂಡ್‌ಗೆ ಹೋಗಿ, ‘ಜೆಡಿಬಿಜಿಎಂಜಿಆರ್ ಡಾಟ್ ಇಎಕ್ಸ್‌ಇ’ ಎಂದು ಟೈಪ್ ಮಾಡಿ. ಅದರ ಪಕ್ಕದಲ್ಲಿ ಪುಟ್ಟ ಕರಡಿಮರಿಯ ಚಿತ್ರವಿದ್ದರೆ ಅದೇ ವೈರಸ್ಸು. ತೆರೆಯಬೇಡಿ, ಡಿಲೀಟ್ ಮಾಡಿ, ರೀಸೈಕಲ್ ಬಿನ್ನಿನಿಂದಲೂ ತೆಗೆಯಿರಿ. ಜನ ಹುಡುಕಿದರು. ಕರಡಿ ಇತ್ತು! ಪಕ್ಕದ ಮೇಜಿನ ಕಂಪ್ಯೂಟರಿನಲ್ಲೂ ಇತ್ತು, ಸಾಹೇಬರದ್ದರಲ್ಲೂ ಇತ್ತು. ಇನ್ನೇನು ಸಾಕ್ಷಿ ಬೇಕು? ಅದು ಮೈಕ್ರೋಸಾಫ್ಟ್‌ನವರೇ ವಿಂಡೋಸ್ ಜೊತೆಗೆ ಕೊಟ್ಟ ಫೈಲು, ಜಾವಾ ಪ್ರೋಗ್ರಾಮ್ ಬರೆಯುವವರಿಗೆ ಬೇಕಾದದ್ದು. ಕರಡಿಯ ಚಿತ್ರ ಅಂಟಿಸಿದವರೂ ಅವರೇ. ಎಲ್ಲರ ಮನೆಯಲ್ಲೂ ಇರುವ ವಸ್ತುವನ್ನೇ ಕಳ್ಳಮಾಲೆಂದು ತೋರಿಸಿಕೊಟ್ಟ ಆ ಅನಾಮಿಕನ ಬುದ್ಧಿಗೆ ಮೆಚ್ಚಬೇಕು. ವೈರಸ್ ಬರೆಯುವ ಶ್ರಮವೂ ಇಲ್ಲದೆ, ಜನರ ಕೈಯಿಂದಲೇ ಅವರವರ ಫೈಲನ್ನು ಅಳಿಸಿದ. ಅದು ಹೋದರೆ ಸಾಮಾನ್ಯರಿಗೆ ಬಾಧೆಯಿಲ್ಲದ ಫೈಲಾದದ್ದು ಪುಣ್ಯ.

ಈಗ ಮೇಲ್ ಹೋಗಿ ವಾಟ್ಸ್‌ಆ್ಯಪ್ ಬಂದಿದೆ. ‘ಮಾರ್ಟಿನೆಲ್ಲಿ’ ಎಂಬ ವಿಡಿಯೊ ಬರುತ್ತದೆ, ತೆರೆದರೆ ಫೋನ್ ಹ್ಯಾಕ್. ‘ಡ್ಯಾನ್ಸ್ ಆಫ್ ದ ಪೋಪ್’ ಬರುತ್ತದೆ, ತೆರೆದರೆ ಫಾರ್ಮ್ಯಾಟ್. ವಿಡಿಯೊ ಯಾರಿಗೂ ಬಂದಿಲ್ಲ, ಎಚ್ಚರಿಕೆ ಎಲ್ಲರಿಗೂ ಬಂದಿದೆ. ನಮ್ಮ ಬಡಾವಣೆಯಲ್ಲಿ ಇದರ ವಿತರಣೆ ರಾಯರದ್ದು. ಬ್ಯಾಂಕಿನಲ್ಲಿದ್ದಾಗ ಸಹಿಯ ಬಾಲ ಕೊಂಚ ಗಿಡ್ಡವಾಗಿದ್ದರೂ ಚೆಕ್ ವಾಪಸ್ ಕಳಿಸುತ್ತಿದ್ದವರು. ಈಗ ಸಹಿ, ತಾರೀಖು ಎರಡೂ ಇಲ್ಲದ್ದನ್ನು ಬೆಳಗಿನ ಕಾಫಿಗೆ ಮುಂಚೆಯೇ ಪಾಸು ಮಾಡುತ್ತಾರೆ. ಕೇಳಿದರೆ, “ಅಲ್ಲ ಸ್ವಾಮಿ, ನಿಜ ಆಗಿದ್ರೆ? ಕಳಿಸೋಕೆ ಕಾಸು ಖರ್ಚೇ? ಸುಳ್ಳಾದ್ರೆ ನಷ್ಟ ಏನು?”

ಎಲ್ಲ ಫಾರ್ವರ್ಡುಗಳೂ ಓಡುವುದು ಈ ‘ನಷ್ಟ ಏನು’ ಎಂಬ ಎಣ್ಣೆಯಲ್ಲೇ. ಮೇಲ್ ಕಾಲದಲ್ಲಿ ನಷ್ಟ ಕಣ್ಣಿಗೇ ಕಾಣುತ್ತಿತ್ತು: ಪ್ರತಿ ಫಾರ್ವರ್ಡಿನ ತಲೆಯ ಮೇಲೂ ಗುರುತಿಲ್ಲದವರ ವಿಳಾಸಗಳ ರಾಶಿ, ಸ್ಪ್ಯಾಮ್ ಕಳಿಸುವವರಿಗೆ ಪುಕ್ಕಟೆ ಫಸಲು. ವಾಟ್ಸ್‌ಆ್ಯಪ್‌ನಲ್ಲಂತೂ ಇದೇ ‘ಒಳ್ಳೆಯದಕ್ಕೇ ಹೇಳ್ತಿದ್ದೀನಿ’ ಎಂಬ ದಾರಿಯಲ್ಲಿ ಮಕ್ಕಳ ಕಳ್ಳರ ವದಂತಿ ಹರಡಿ, 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ನಿರಪರಾಧಿಯೊಬ್ಬರನ್ನು ಜನ ಹೊಡೆದು ಕೊಂದರು. ಅದೇ ತಿಂಗಳು ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಫಾರ್ವರ್ಡನ್ನು ಐದು ಚಾಟ್‌ಗಳಿಗೆ ಮಿತಿಗೊಳಿಸಿತು. ರಾಯರು ಆ ಮಿತಿಯನ್ನು ಐದೈದರಂತೆ ಕಂತು ಕಟ್ಟಿ ತೀರಿಸುತ್ತಾರೆ.

ಸುಳ್ಳನ್ನು ಗುರುತಿಸಲು ದೊಡ್ಡ ವಿದ್ಯೆ ಬೇಡ. ನಿಜವಾದ ಎಚ್ಚರಿಕೆ ಹೇಗಿರುತ್ತದೆಂದು ನೋಡಿದರೆ ಸಾಕು. ಕಂಪ್ಯೂಟರ್ ಸುರಕ್ಷತೆಯ ಎಚ್ಚರಿಕೆ ಕೊಡುವ ಕೆಲಸವನ್ನು ಸರ್ಕಾರದ ಸಿಇಆರ್‌ಟಿ-ಇನ್ ಎಂಬ ಸಂಸ್ಥೆ 2004ರಿಂದ ಮಾಡುತ್ತಿದೆ. ಅದರ ಸೂಚನೆಗಳಿಗೆ ತಾರೀಖು ಇರುತ್ತದೆ, ಸಂಖ್ಯೆ ಇರುತ್ತದೆ, ಯಾವ ಸಾಫ್ಟ್‌ವೇರ್, ಏನು ಪರಿಹಾರ ಎಂಬುದಿರುತ್ತದೆ. ಓದಲು ಮಹಾ ಬೇಜಾರು. ಮೈ ಜುಂ ಅನ್ನಿಸಿ, ತಾರೀಖಿನ ಜಾಗದಲ್ಲಿ ‘ನಿನ್ನೆ’ ಎಂದಿದ್ದು, ಕೊನೆಗೆ ಎಲ್ಲರಿಗೂ ಕಳಿಸಿ ಎಂದಿದ್ದರೆ ಅಲ್ಲಿಗೇ ಬಿಡಿ. ಯಾವುದಾದರೂ ಫೈಲನ್ನು ಅಳಿಸಿ ಎಂದಿದ್ದರೆ ತಿಳಿದವರನ್ನು ಕೇಳದೆ ಮುಟ್ಟಬೇಡಿ. ಕಳಿಸಿದವರಿಗೆ ಹೇಳಲೇಬೇಕೆಂದಿದ್ದರೆ ಗುಂಪಿನಲ್ಲಿ ಎಲ್ಲರೆದುರು ಹೇಳಬೇಡಿ, ಫೋನ್ ಮಾಡಿ. ಅವರು ನಿಮ್ಮ ಹಿತಕ್ಕೆಂದೇ ಕಳಿಸಿದ್ದು, ಅದನ್ನು ಒಪ್ಪಿಕೊಂಡು ಮಾತು ಶುರುಮಾಡಿ.