ಬುನಾದಿಗೆ ಮೊದಲು ವಾಟ್ನಿ: ಅಣ್ಣತಮ್ಮಂದಿರಿಗೆ ಬಹಿರಂಗ ಪತ್ರ

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಅಣ್ಣತಮ್ಮಂದಿರಿಗೆ, ಈ ಸೀಮೆಯ ಮನೆಮಗಳೊಬ್ಬಳ ಶರಣು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಸಿಂಧನೂರಿನ ಗದ್ದೆಗೆ ಬೆಲೆ ಬಂತು. ಮಸ್ಕಿ ತಾಲೂಕು ಕೇಂದ್ರವಾದ ಮೇಲೆ ರಸ್ತೆ ಬದಿಯ ಎರೆಹೊಲಕ್ಕೂ ಬೆಲೆ ಬಂತು. ಅಪ್ಪ ಎಕರೆ ಲೆಕ್ಕದಲ್ಲಿ ಉತ್ತ ನೆಲವನ್ನು ನಾವೀಗ ಅಡಿ ಲೆಕ್ಕದಲ್ಲಿ ನೋಡುತ್ತೇವೆ. ರಸ್ತೆಗೆ ಹತ್ತಿದ ತುದಿಯಲ್ಲಿ ಅಣ್ಣ ಬುನಾದಿ ತೋಡುತ್ತಾನೆ, ತಮ್ಮ ತಡೆಯಾಜ್ಞೆ ತರುತ್ತಾನೆ. ಪಿಲ್ಲರಿನ ಸರಳುಗಳು ಮಳೆಯಲ್ಲಿ ತುಕ್ಕು ಹಿಡಿಯುತ್ತವೆ. ಒಂದೇ ತಟ್ಟೆಯಲ್ಲಿ ಉಂಡವರು ಕೋರ್ಟಿನ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂಡುತ್ತಾರೆ.

ಪಾಲಾಗದ ಜಂಟಿ ಜಮೀನಿನಲ್ಲಿ ಪ್ರತಿ ಗುಂಟೆಯೂ ಎಲ್ಲರದು. ಮನೆ ಕಟ್ಟಿದ ಮಾತ್ರಕ್ಕೆ ಅದರಡಿಯ ನೆಲ ಒಬ್ಬನದಾಗುವುದಿಲ್ಲ. ಪಾಲಿನ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಎಂದು ಹೇಳುತ್ತದೆ, ಅಂತಿಮ ಡಿಕ್ರಿ ಯಾರಿಗೆ ಎಲ್ಲಿ ಎಂದು ಹೇಳುತ್ತದೆ. ನಮ್ಮ ಮನೆಗಳು ಒಡೆಯುವುದು ಈ ‘ಎಲ್ಲಿ’ಯಲ್ಲಿ. ಅದನ್ನು ನೀವೇ ಕೂತು ಬಗೆಹರಿಸಿ. ರಸ್ತೆಯ ಮುಖ ಬೇಕೆನ್ನುವವನು ನೆಲ ಕಡಿಮೆ ತೆಗೆದುಕೊಳ್ಳಲಿ, ಒಳಗಿನ ಪಾಲಿನವನಿಗೆ ಹೆಚ್ಚು ಸಿಗಲಿ. ಅವನ ಬಂಡಿದಾರಿ, ಬೋರಿನ ನೀರಿನ ಸರದಿ, ಬದುವಿನ ಬೇವಿನಮರ ಎಲ್ಲವೂ ಕಾಗದಕ್ಕೆ ಬರಲಿ. ಸರ್ವೆ ಮಾಡಿಸಿ, 11ಇ ನಕ್ಷೆ ಪಡೆದು, ವಾಟ್ನಿ ಪತ್ರ, ಅಂದರೆ ಪಾಲುಪತ್ರ, ನೋಂದಾಯಿಸಿ. ಸಾಗುವಳಿ ಜಮೀನಾದರೆ ಭೂಪರಿವರ್ತನೆಯ ನಿಯಮವನ್ನೂ ಕೇಳಿ ತಿಳಿಯಿರಿ. ಗುದ್ದಲಿ ಪೂಜೆ ಆಮೇಲೆ.

ಆ ಕಾಗದದಲ್ಲಿ ಅಕ್ಕತಂಗಿಯರಾದ ನಮ್ಮನ್ನೂ ಎಣಿಸಿ. ಪಂಚಮಿಗೆ ಕರೆತಂದು, ಉಂಡಿ ತಿನ್ನಿಸಿ, ಮರುದಿನ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಿದರೆ ತವರಿನ ಉಂಡಿಯೂ ಗಂಟಲಲ್ಲಿ ನಿಲ್ಲುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಅದು ಹುಟ್ಟಿನಿಂದಲೇ ಬರುವ ಹಕ್ಕು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ನಮ್ಮ ಪಾಲನ್ನು ಬಿಟ್ಟುಕೊಡುವ ಮನಸ್ಸು ನಮಗಿದ್ದೀತು. ಆದರೆ ಅದು ನಾವು ಓದಿ, ತಿಳಿದು, ಕೊಟ್ಟದ್ದಾಗಲಿ.

ಹೆಸರು ಬರೆಯುವುದು ಸಣ್ಣ ಮಾತಲ್ಲ. ‘ದೇವಾನಂಪ್ರಿಯ’ ಎಂಬ ಬಿರುದಿನ ಅರಸ ಅಶೋಕನೇ ಎಂಬುದು ಗಟ್ಟಿಯಾದದ್ದು 1915ರಲ್ಲಿ ನಮ್ಮ ಮಸ್ಕಿಯ ಬಂಡೆಯ ಶಾಸನದಲ್ಲಿ ಅವನ ಹೆಸರು ಸಿಕ್ಕಾಗ. ಪಹಣಿಯಲ್ಲಿ ಅಕ್ಕತಂಗಿಯರ ಹೆಸರನ್ನೂ ಹಾಗೆ ಸ್ಪಷ್ಟವಾಗಿ ಬರೆಯಿಸಿ. ನಾಳೆ ನಮ್ಮ ಮಕ್ಕಳು ಊಹೆಯ ಮೇಲೆ ಜಗಳಾಡಬಾರದು.

ಅವ್ವ ಇರುವಾಗಲೇ ಈ ಕೆಲಸ ಮುಗಿಸಿ. ಅಪ್ಪನ ಪಾಲಿನಲ್ಲಿ ಅವಳಿಗೂ ಭಾಗವಿದೆ, ಅದನ್ನು ಬರೆಯಲು ಮರೆಯಬೇಡಿ. ಕಟ್ಟುವ ಮನೆಗಳಲ್ಲಿ ಯಾವ ಪಡಸಾಲೆಯಲ್ಲಿ ತನ್ನ ಹಾಸಿಗೆ ಹಾಕಬೇಕೆಂದು ಅವಳನ್ನೇ ಕೇಳಿ.

ಇಂತಿ,
ನಿಮ್ಮ ಅಕ್ಕ