ಸೀನಿಯರ್ ಅಸೋಸಿಯೇಟ್ ಅಂದ್ರೆ ಏನ್ರೀ?

ರೆಸ್ಯೂಮೆಯಲ್ಲಿ ತಲೆಬುಡವಿಲ್ಲದ ಡೆಸಿಗ್ನೇಷನ್ನನ್ನು ಹೇಗೆ ನಮೂದಿಸಬೇಕು ಎಂಬ ಪ್ರಶ್ನೆಗೆ ನನ್ನದು ಒಂದೇ ಉತ್ತರ: ಕಂಪನಿ ಇಟ್ಟ ಹೆಸರನ್ನು ಅಕ್ಷರ ಬಿಡದೆ ಬರೆಯಿರಿ, ಅದರ ಮಗ್ಗುಲಲ್ಲೇ ಮಾಡಿದ ಕೆಲಸವನ್ನು ಮದುವೆಮನೆಯಲ್ಲಿ ಸಿಕ್ಕ ದೊಡ್ಡಮ್ಮನಿಗೂ ತಿಳಿಯುವಂತೆ ಹೇಳಿ. 'ಲೇಖಕ' ಎಂದು ಕರೆಸಿಕೊಳ್ಳುವವನ ಬಾಯಲ್ಲಿ ಈ ಉಪದೇಶ ಅಷ್ಟಾಗಿ ಶೋಭಿಸುವುದಿಲ್ಲ ನಿಜ, ಅದಕ್ಕಿಂತ ಮಬ್ಬಾದ ಡೆಸಿಗ್ನೇಷನ್ ಇನ್ನೊಂದಿಲ್ಲ. ಆದರೂ ವಾದ ವಾದವೇ. ಹಿಂದೆ ಹಳ್ಳಿಯಲ್ಲಿ ನೀರಗಂಟಿ ಅಂದರೆ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಬಿಡುವವನು, ಶಾನುಭೋಗ ಅಂದರೆ ಲೆಕ್ಕ ಬರೆಯುವವನು. ಯಾರೂ ವಿವರಣೆ ಕೇಳುತ್ತಿರಲಿಲ್ಲ. ವಂಶಪಾರಂಪರ್ಯದ ಆ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿತು, ಒಳ್ಳೆಯದೇ ಆಯಿತು. ಸರ್ಕಾರಿ ಕಚೇರಿಯ 'ದ್ವಿತೀಯ ದರ್ಜೆ ಸಹಾಯಕ'ರು ಯಾರಿಗೆ ಸಹಾಯ ಮಾಡುತ್ತಾರೆಂದು ಕೌಂಟರಿನ ಮುಂದೆ ನಿಂತವರು ಇನ್ನೂ ಯೋಚಿಸುತ್ತಿದ್ದಾರೆ. ಖಾಸಗಿಯವರು ಅವರನ್ನೂ ಮೀರಿಸಿದರು. ದೇಶಕ್ಕೆಲ್ಲ ಉಪರಾಷ್ಟ್ರಪತಿ ಒಬ್ಬರೇ. ಬೆಂಗಳೂರಿನ ಹೊರವರ್ತುಲ ರಸ್ತೆಯ ವಿದೇಶಿ ಬ್ಯಾಂಕಿನ ಕಟ್ಟಡದಲ್ಲಾದರೆ ಲಿಫ್ಟಿಗೆ ಕಾದು ನಿಂತವರಲ್ಲೇ ನಾಲ್ಕು ಜನ ವೈಸ್ ಪ್ರೆಸಿಡೆಂಟರು. ಅಮೆರಿಕದಲ್ಲಿ ಎಕ್ಸಿಕ್ಯುಟಿವ್ ಅಂದರೆ ಮೇಲಿನ ಮಹಡಿಯ ಸಾಹೇಬ. ನಮ್ಮಲ್ಲಿ ಸೇಲ್ಸ್ ಎಕ್ಸಿಕ್ಯುಟಿವ್ ಅಂದರೆ ಬಿಸಿಲಲ್ಲಿ ಸ್ಯಾಂಪಲ್ ಬ್ಯಾಗ್ ಹೊತ್ತು ಬೈಕಿನಲ್ಲಿ ಅಂಗಡಿ ಅಂಗಡಿ ಸುತ್ತುವ ಹುಡುಗ.

ಇಷ್ಟು ಅಯೋಮಯವಾಗಿರುವಾಗ ನಾವೇ ಒಂದು ಒಳ್ಳೆ ಹೆಸರು ಇಟ್ಟುಕೊಂಡರೆ ತಪ್ಪೇನು ಎನ್ನುವವರಿದ್ದಾರೆ. ತಪ್ಪಿದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ಹಳೆಯ ಕಂಪನಿಯನ್ನು ವಿಚಾರಿಸುತ್ತಾರೆ. ರಿಲೀವಿಂಗ್ ಲೆಟರಿನಲ್ಲಿ 'ಅಸೋಸಿಯೇಟ್' ಇದ್ದು ರೆಸ್ಯೂಮೆಯಲ್ಲಿ 'ಮ್ಯಾನೇಜರ್' ಇದ್ದರೆ, ನೀವು ನಿಜಕ್ಕೂ ಹತ್ತು ಜನರನ್ನು ಮೇಯಿಸಿದ್ದರೂ ಸುಳ್ಳುಗಾರ ಅನ್ನಿಸಿಕೊಳ್ಳುವುದು ನೀವೇ. ಹಾಗೆಂದು ಬರೀ ಹೆಸರು ಬರೆದು ಕೈತೊಳೆದುಕೊಂಡರೂ ಆಗದು. ಹೆಸರು ನೋಡಿ ಕೆಲಸ ಅಳೆಯಬಾರದೆಂದು ನ್ಯಾಯಾಲಯಗಳೇ ಹೇಳಿವೆ: ಎಲ್‌ಐಸಿಯ ಡೆವಲಪ್‌ಮೆಂಟ್ ಆಫೀಸರ್ ಹೆಸರಿಗೆ ಆಫೀಸರ್ ಆದರೂ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ಕೆಲಸಗಾರನೇ, ನೋಡಬೇಕಾದ್ದು ಆತ ಮಾಡುವ ಕೆಲಸವನ್ನು ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ತೀರ್ಪು ಕೊಟ್ಟಿತು. ಸರಿ, ಆದರೆ ಮಾಡಿದ್ದನ್ನು ಬಿಡಿಸಿ ಬರೆದರೆ ಮಾನ ಹೋಗುತ್ತದಲ್ಲ ಎಂಬುದು ಮುಂದಿನ ಆಕ್ಷೇಪ, ಇದು ಹಗುರವಾದದ್ದಲ್ಲ. 'ಲೀಡ್ ಸ್ಪೆಷಲಿಸ್ಟ್, ಬಿಸಿನೆಸ್ ಎಕ್ಸಲೆನ್ಸ್ ಎನೇಬಲ್‌ಮೆಂಟ್' ಎಂಬ ಸಾಲನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಚೆನ್ನೈನಿಂದ ಬಾಕಿ ಬಿಲ್ಲುಗಳ ಎಕ್ಸೆಲ್ ಶೀಟ್ ಬರುತ್ತದೆ. ತಾಳೆಯಾದ ಹಳದಿ ಸಾಲುಗಳನ್ನು ಹಸಿರು ಮಾಡಿ ಪುಣೆಗೆ ಕಳಿಸಬೇಕು. ಪುಣೆಯವರು ಮಧ್ಯಾಹ್ನ ಫೋನ್ ಮಾಡಿ, ಹಸಿರು ಕಣ್ಣಿಗೆ ಹೊಡೆಯುತ್ತಿದೆ, ಸ್ವಲ್ಪ ತೆಳುವಾಗಲಿ ಎನ್ನುತ್ತಾರೆ. ತೆಳು ಮಾಡಿದ್ದೇ ತಡ, ನಮ್ಮ ಹಳದಿ ಎಲ್ಲಿ ಹೋಯಿತು ಎಂದು ಚೆನ್ನೈನಿಂದ ಮೇಲ್, ಸಿಸಿಯಲ್ಲಿ ಹದಿನೇಳು ಜನ. ಆ ಹದಿನೇಳರಲ್ಲಿ ಒಬ್ಬರು ಎಲ್ಲರಿಗೂ 'ನೋಟೆಡ್' ಎಂದು ಉತ್ತರಿಸುತ್ತಾರೆ. ಏನನ್ನು ಎಂದು ಅವರಿಗೂ ಗೊತ್ತಿಲ್ಲ. ಸಂಜೆ ಈ ಬಗ್ಗೆಯೇ ಒಂದು ಕಾಲ್. ಅರ್ಧ ಹೊತ್ತು ಎಲ್ಲರೂ ಮ್ಯೂಟ್. ಕೊನೆಗೆ ನಾಳೆಯಿಂದ ಹಳದಿ ಹಾಗೇ ಇರಲಿ, ಪಕ್ಕದ ಕಾಲಂನಲ್ಲಿ ಹಸಿರು ಬರಲಿ ಎಂದು ತೀರ್ಮಾನ. ಇದನ್ನು ಹೀಗೇ ಬರೆಯಲು ಎಂಟೆದೆ ಬೇಕು, ಒಪ್ಪಿದೆ. ಆದರೆ ಜರಡಿ ಹಿಡಿದರೆ ಇದರಲ್ಲೂ ಕಾಳು ಸಿಗುತ್ತದೆ: 'ಎರಡು ಊರಿನ ತಂಡಗಳ ಬಾಕಿ ಬಿಲ್ಲುಗಳನ್ನು ದಿನವೂ ತಾಳೆ ನೋಡಿ ಸಂಜೆಯೊಳಗೆ ಒಪ್ಪಿಸುವುದು.' ಸುಳ್ಳು ಒಂದೂ ಇಲ್ಲ, ಮಾನವೂ ಉಳಿಯಿತು. ಬಣ್ಣದ ಕಥೆ ಇಂಟರ್‌ವ್ಯೂನಲ್ಲಿ ಕೇಳಿದರೆ ಹೇಳಿದರಾಯಿತು.

ಎಲ್ಲ ಮಬ್ಬು ಹೆಸರುಗಳೂ ಹೀಗೆ ನಗೆಯಲ್ಲಿ ಮುಗಿಯುವುದಿಲ್ಲ. ಊಟದ ಪೊಟ್ಟಣ ತಂದುಕೊಡುವ ಹುಡುಗನನ್ನು 'ಡೆಲಿವರಿ ಪಾರ್ಟ್‌ನರ್' ಎನ್ನುವುದನ್ನು ಕೇಳಿದರೆ ನನಗೆ ಮೈಯುರಿಯುತ್ತದೆ. 1932ರ ಪಾಲುದಾರಿಕೆ ಕಾಯ್ದೆಯಂತೆ ಪಾಲುದಾರರೆಂದರೆ ವ್ಯಾಪಾರದ ಲಾಭ ಹಂಚಿಕೊಳ್ಳಲು ಒಪ್ಪಿಕೊಂಡವರು. ಈತನಿಗೆ ಲಾಭದಲ್ಲಿ ಪಾಲಿಲ್ಲ, ನೌಕರನಲ್ಲದ ಕಾರಣ ಪಿಎಫ್ ಇಲ್ಲ. ಪೆಟ್ರೋಲ್ ಅವನದೇ, ಪಂಕ್ಚರೂ ಅವನದೇ. ಬರೀ ಹೆಸರಿನಲ್ಲೇನಿದೆ, ಗೌರವಕ್ಕೆ ಕರೆಯುತ್ತಾರೆ ಎನ್ನುವವರಿಗೆ ಇದೇ ಉತ್ತರ: ಆ ಗೌರವದ ಖರ್ಚು ಅವನ ಜೇಬಿನಿಂದ ಹೋಗುತ್ತಿದೆ. ಕರ್ನಾಟಕ 2025ರಲ್ಲಿ ಇಂಥವರಿಗೆಂದೇ ಕಾಯ್ದೆ ತಂದು 'ಗಿಗ್ ಕಾರ್ಮಿಕ' ಎಂದು ಕರೆಯಿತು. ಪ್ರತಿ ವಹಿವಾಟಿನಲ್ಲಿ ಅವರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕೆಂದಿತು. ಆತನೂ ನಾಳೆ ಗೋದಾಮಿನ ಕೆಲಸಕ್ಕೋ ಅಂಗಡಿಯ ಕೆಲಸಕ್ಕೋ ಅರ್ಜಿ ಹಾಕುವಾಗ 'ಪಾರ್ಟ್‌ನರ್' ಎಂದೇ ಬರೆಯಲಿ. ಪಕ್ಕದಲ್ಲಿ ಯಾವ ಯಾವ ಬಡಾವಣೆ, ದಿನಕ್ಕೆ ಎಷ್ಟು ಆರ್ಡರ್, ನಗದು ಲೆಕ್ಕ ಒಪ್ಪಿಸಿದ ಬಗೆ ಎಲ್ಲ ಬರಲಿ. ಮೇಜಿನ ಆಚೆ ಕೂತವರು 'ಪಾರ್ಟ್‌ನರ್ ಅಂತೀರಿ, ನಿಮ್ಮ ಪಾಲೆಷ್ಟಿತ್ತು?' ಎಂದು ನಕ್ಕರೆ, ಹೆಸರಿಟ್ಟವರ ಕಸ್ಟಮರ್ ಕೇರ್ ನಂಬರನ್ನು ಅವರಿಗೆ ಕೊಟ್ಟು ಬರಲಿ.