ಕಪ್ಪು ಕಾರಿನ ಯಜಮಾನರು

ಬೆಂಗಳೂರಿನ ಬ್ರೂಕ್‌ಫೀಲ್ಡಿನಲ್ಲಿ ಯಾವ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಭಾನುವಾರ ಬೆಳಿಗ್ಗೆ ಇಳಿದರೂ ಒಬ್ಬರು ಕಣ್ಣಿಗೆ ಬಿದ್ದೇ ಬೀಳುತ್ತಾರೆ. ಮೊಣಕಾಲ ಚಡ್ಡಿ, ಹಿಂದಿನ ಕಂಪನಿಯ ಹೆಸರಿರುವ ಟೀ ಶರ್ಟು, ಕೈಯಲ್ಲಿ ಮೊಬೈಲ್ ಟಾರ್ಚು. ಬಾನೆಟ್ಟಿಗೆ ಮೂಗು ತಾಗುವಷ್ಟು ಬಗ್ಗಿ ಗೀರು ಹುಡುಕುತ್ತಿರುವ ಇವರೇ ಕಪ್ಪು ಕಾರಿನ ಯಜಮಾನರು. ಧೂಳಿನ ಊರಿಗೆ ಬಿಳಿಯೇ ಸರಿ ಎಂದು ಮನೆಯವರೂ ಹೇಳಿದ್ದರು, ಷೋರೂಮಿನ ಹುಡುಗನೂ ಹೇಳಿದ್ದ. ಇವರು ಕೇಳಲಿಲ್ಲ. ಇಡೀ ಕಾರೇ ದೃಷ್ಟಿಬೊಟ್ಟಿನಂತಿದ್ದರೂ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ತೂಗುತ್ತಿದೆ. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿಗೆ ಮೆಟ್ರೋ ಬಂದ ಮೇಲಂತೂ ಯಜಮಾನರು ಕುಂದಲಹಳ್ಳಿ ಸ್ಟೇಷನ್ನಿಗೆ ನಡೆದುಹೋಗುತ್ತಾರೆ, ಕಾರು ನಿಂತಲ್ಲೇ ನಿಂತಿರುತ್ತದೆ. ಆದರೂ ಗೀರು ಹೆಚ್ಚುತ್ತಿವೆ. ರಸ್ತೆಗಿಳಿಯದ ಕಾರಿಗೆ ಗೀರು ಬಿದ್ದದ್ದಾದರೂ ಎಲ್ಲಿಂದ?

ನನ್ನ ವಾದ ಇಷ್ಟೇ: ಈ ಗೀರುಗಳಲ್ಲಿ ಬಹುಪಾಲು ಪ್ರೀತಿಯಿಂದ ಬಿದ್ದವು. ಟಾರ್ಚಿನ ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಕಾಣುವ ಆ ಸಣ್ಣ ಗೆರೆಗಳು ಧೂಳು ಕೂತ ಮೈಯನ್ನು ಒಣಬಟ್ಟೆಯಿಂದ ಒರೆಸಿದ್ದರ ಫಲ. ಧೂಳೆಂದರೆ ಸಣ್ಣ ಮರಳೇ. ಬೆಳಗಿನ ಜಾವ ಕಾರು ಒರೆಸಲು ಬರುವ ಹುಡುಗನಿಗೆ ಒಂದೇ ಬಕೆಟ್, ಒಂದೇ ಬಟ್ಟೆ, ಸಾಲಾಗಿ ನಿಂತ ಹತ್ತಾರು ಕಾರು. ಕೊನೆಯ ಕಾರಿಗೆ ಬರುವಷ್ಟರಲ್ಲಿ ಬಕೆಟ್ಟಿನ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಅವನನ್ನು ಬೈದು ಪ್ರಯೋಜನವಿಲ್ಲ, ಅವನಿಗೆ ಸಿಗುವ ಸಂಬಳಕ್ಕೆ ಅಷ್ಟೇ ನೀರು. ಅವನು ಹೋದ ಮೇಲೆ ಯಜಮಾನರು ಬಂದು ತಾವೊಮ್ಮೆ ಒರೆಸುತ್ತಾರೆ. ಬಿಳಿ ಕಾರಿಗೂ ಇಷ್ಟೇ ಗೀರು ಬೀಳುತ್ತವೆ, ಆದರೆ ಕಾಣುವುದಿಲ್ಲ. ಕಪ್ಪು ಮಾತ್ರ ಏನನ್ನೂ ಮುಚ್ಚಿಡುವುದಿಲ್ಲ. ಮುಚ್ಚಿಟ್ಟದ್ದು ಒಂದನ್ನೇ: ಇಲ್ಲೇ ಹತ್ತಿರದ ಗ್ರಾಫೈಟ್ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ನೆಲಕ್ಕೂ ಕಾರಿಗೂ ಕಪ್ಪು ಮಸಿ ಕೂರುತ್ತದೆಂದು ಸುತ್ತಲಿನವರು ವರ್ಷಗಟ್ಟಲೆ ದೂರಿದರು. ಕಪ್ಪು ಕಾರಿನವರಿಗೆ ಆಗ ಅದೊಂದು ಸಮಾಧಾನ. 2019ರಲ್ಲಿ ಕಾರ್ಖಾನೆ ಮುಚ್ಚಿತು. ಅದರ ಹೆಸರು ಅಲ್ಲಿನ ಟ್ರಾಫಿಕ್ ಸಿಗ್ನಲ್ಲಿನಲ್ಲಿ ಉಳಿಯಿತು, ಸಮಾಧಾನ ಉಳಿಯಲಿಲ್ಲ.

ಗೀರು ಕಂಡದ್ದೇ ತಡ, ಯಜಮಾನರು ಪಾಲಿಷ್ ಹುಡುಕಲು ಕೂರುತ್ತಾರೆ. ಫೋನಿನಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲದರಲ್ಲೂ ಹೆಚ್ಚು ಶಕ್ತಿಯದ್ದನ್ನೇ ಆರಿಸಿ ಅಭ್ಯಾಸ. ಮೆಗ್ವಾಯರ್ಸ್ ಮೇಲೋ, 3ಎಂ ಮೇಲೋ ಎಂದು ಎಕ್ಸೆಲ್ ಶೀಟ್ ತಯಾರಾಗುತ್ತದೆ. 2013ರಲ್ಲೇ 3ಎಂ ಮೆಗ್ವಾಯರ್ಸನ್ನು ಕೊಂಡುಕೊಂಡಿದ್ದರಿಂದ ಎರಡು ಬಾಟಲಿಯ ದುಡ್ಡೂ ಕೊನೆಗೆ ಒಂದೇ ಮನೆಗೆ ಹೋಗುತ್ತದೆ ಎಂಬ ಕಾಲಂ ಆ ಶೀಟಿನಲ್ಲಿಲ್ಲ. ಕೊನೆಗೆ ಗ್ಯಾರೇಜಿನವರು ಬಳಸುವ ರಬ್ಬಿಂಗ್ ಕಾಂಪೌಂಡ್ ಮನೆಗೆ ಬರುತ್ತದೆ. ತಪ್ಪುವುದು ಇಲ್ಲೇ. ಪಾಲಿಷ್ ಎಂದರೆ ಹಚ್ಚುವ ಎಣ್ಣೆಯಲ್ಲ, ತೇಯುವ ಪುಡಿ. ಬಣ್ಣದ ಮೇಲಿನ ಕ್ಲಿಯರ್ ಕೋಟ್ ಸಾಮಾನ್ಯವಾಗಿ 40-50 ಮೈಕ್ರಾನ್ ದಪ್ಪ, ಅಂದರೆ ತಲೆಗೂದಲಿಗಿಂತ ತೆಳು. ಪ್ರತಿ ಪಾಲಿಷ್ ಅದರಲ್ಲಿ ಒಂದಿಷ್ಟನ್ನು ತೆಗೆಯುತ್ತದೆ, ತೆಗೆದದ್ದು ಮರಳಿ ಬರುವುದಿಲ್ಲ. ಜೊತೆಗೆ, ಒರಟು ಕಾಂಪೌಂಡ್ ಕಪ್ಪಿನ ಮೇಲೆ ತನ್ನದೇ ಮಬ್ಬು ಬಿಟ್ಟುಹೋಗುತ್ತದೆ. ಅದನ್ನು ತೆಗೆಯಲು ಇನ್ನೊಂದು ಪಾಲಿಷ್ ಬೇಕು. ಹಾಗಾಗಿ ಹೊಸಬರಿಗೆ ಸರಿಯಾದದ್ದು ಅಂಗಡಿಯಲ್ಲಿರುವುದರಲ್ಲೇ ಅತಿ ನಯವಾದ ಫಿನಿಷಿಂಗ್ ಪಾಲಿಷ್, ಇಲ್ಲವೇ ಪಾಲಿಷ್‌ ವ್ಯಾಕ್ಸ್ ಎರಡೂ ಬೆರೆತ ಕ್ಲೀನರ್ ವ್ಯಾಕ್ಸ್. ತಣ್ಣಗಿರುವ ಮೈಗೆ, ನೆರಳಿನಲ್ಲಿ, ಮೆತ್ತನೆಯ ಫೋಮ್ ಪ್ಯಾಡಿನಿಂದ, ಮೊದಲು ಒಂದಡಿ ಜಾಗಕ್ಕೆ ಮಾತ್ರ. ಮಿಷಿನ್ನೇ ಬೇಕೆಂದು ಹಟವಿದ್ದರೆ ಡ್ಯುಯಲ್ ಆ್ಯಕ್ಷನ್. ರೋಟರಿ ಕಸುಬುದಾರರ ಕೈಯಲ್ಲೇ ಇರಲಿ, ಅಂಚಿನಲ್ಲಿ ಕ್ಷಣ ಹೆಚ್ಚು ನಿಂತರೂ ಬಣ್ಣ ಸುಡುತ್ತದೆ. ಬ್ಯಾಡ್ಜಿನ ಅಕ್ಷರಗಳ ಸಂದಿಯಲ್ಲಿ ಬೆಳ್ಳಗೆ ಒಣಗಿದ ಪಾಲಿಷ್ ಕಂಡರೆ ಹಿಂದಿನ ವಾರ ಯಜಮಾನರು ಕೈಯಾಡಿಸಿದ್ದಾರೆಂದು ತಿಳಿಯಬಹುದು.

ಇಷ್ಟು ನಯವಾದದ್ದರಿಂದ ಆಳದ ಗೀರು ಹೋಗುತ್ತದೆಯೇ ಎಂದು ಅವರು ಕೇಳುತ್ತಾರೆ. ಹೋಗುವುದಿಲ್ಲ. ಉಗುರಿಗೆ ತಡೆಯುವ ಗೀರನ್ನು ಹಟ ಹಿಡಿದು ಉಜ್ಜಿದರೆ ಅದರ ಜೊತೆ ಕ್ಲಿಯರ್ ಕೋಟೂ ಹೋಗುತ್ತದೆ. ಆಮೇಲೆ ಪೇಂಟ್ ಹೊಡೆಸುವುದೇ ದಾರಿ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಈ ರಗಳೆಯೇ ಇಲ್ಲವಲ್ಲ ಎಂಬುದು ಇನ್ನೊಂದು ಆಕ್ಷೇಪ. ಕೋಟಿಂಗಿಗೆ ಮುಂಚೆ ಪಾಲಿಷ್ ಮಾಡದಿದ್ದರೆ ಗೀರುಗಳೆಲ್ಲ ಅದರಡಿ ಭದ್ರವಾಗಿ ಉಳಿಯುತ್ತವೆ, ಮೇಲೆ ಮತ್ತದೇ ಬಕೆಟ್ಟಿನ ಬಟ್ಟೆ. ಕಪ್ಪು ಕಾರಿಗೆಂದೇ ಬರುವ ಬಣ್ಣದ ವ್ಯಾಕ್ಸನ್ನು ಮಾತ್ರ ನಾನು ತೀರ ತೆಗೆದುಹಾಕುವುದಿಲ್ಲ. ಅದು ಗೀರನ್ನು ತುಂಬಿ ಮರೆಮಾಚುತ್ತದೆ, ಕೆಲವು ಸಲ ತೊಳೆದರೆ ಬಣ್ಣ ಬಯಲಾಗುತ್ತದೆ. ನಂಟರ ಮದುವೆಗೆ ಹೋಗುವ ಮುನ್ನ ಅಷ್ಟು ಸಾಕಲ್ಲ!

ನೀರು ಸುರಿದು ತೊಳೆಯಿರಿ ಎನ್ನುವುದೂ ಇಲ್ಲಿ ಸುಲಭವಲ್ಲ. ಬೋರ್‌ವೆಲ್ ನೀರು ಒಣಗಿದಲ್ಲೆಲ್ಲ ಕಪ್ಪಿನ ಮೇಲೆ ಬಿಳಿ ಸುಣ್ಣದ ಚುಕ್ಕಿ; 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಎರಡು ಬಕೆಟ್ ನೀರು, ಶ್ಯಾಂಪೂ, ಮೇಲಿನಿಂದ ಕೆಳಕ್ಕೆ ತೊಳೆದು ಒಣಗುವ ಮುಂಚೆಯೇ ಒತ್ತಿ ತೆಗೆಯಲು ನಾಲ್ಕು ಮೈಕ್ರೋಫೈಬರ್ ಬಟ್ಟೆ: ಮೊದಲ ಖರ್ಚು ಇದಕ್ಕೆ ಆಗಲಿ, ಪಾಲಿಷ್ ವರ್ಷಕ್ಕೊಮ್ಮೆ ಸಾಕು. ಇನ್ನು ಯಜಮಾನರೇ, ಈ ಸಲದ ಆಯುಧಪೂಜೆಯಲ್ಲಿ ಬಾನೆಟ್ಟಿಗೆ ಬಳಿದ ವಿಭೂತಿಯನ್ನು ದಯವಿಟ್ಟು ಒಣಬಟ್ಟೆಯಲ್ಲಿ ಉಜ್ಜಬೇಡಿ. ಒಂದು ಚೊಂಬು ನೀರು ಹಾಕಿ.